ಬಡದೇಶಗಳಿಗೆ ನೆರವು, ವ್ಯಾಪಾರ: ಷರತ್ತುಗಳು ಅನ್ವಯಿಸುತ್ತವೆ

ಅರಳೀಕಟ್ಟೆ

ಶ್ರೀಮಂತ ದೇಶಗಳು 2023, 2024ರಲ್ಲಿ ವರ್ಷಕ್ಕೆ 200 ಬಿಲಿಯನ್ ಡಾಲರಿಗೂ ಹೆಚ್ಚು ನೆರವು ಕೊಟ್ಟವು ಎಂದು ಓದುತ್ತೇವೆ. ಇನ್ನೊಂದು ಕಡೆ "ನೆರವು ಬೇಡ, ವ್ಯಾಪಾರಕ್ಕೆ ಬಾಗಿಲು ತೆಗೆಯಿರಿ" ಎಂಬ ಮಾತು 1960ರ ದಶಕದಿಂದಲೂ ಕೇಳಿಬರುತ್ತಿದೆ. ಎರಡೂ ಕಡೆಯವರು ಘೋಷಣೆ ಕೂಗುತ್ತಾರೆ, ಲೆಕ್ಕ ಹೇಳುವುದಿಲ್ಲ. ಹಣ ಎಲ್ಲಿ ಹೊರಟು ಎಲ್ಲಿ ಸೇರುತ್ತದೆ, ವ್ಯಾಪಾರದ ಬಾಗಿಲು ಯಾವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಗೊತ್ತಿದ್ದವರು ಬಿಡಿಸಿ ಹೇಳಿ. ಉದ್ದವಾದರೂ ಪರವಾಗಿಲ್ಲ.

ಲೆಕ್ಕದಪುಸ್ತಕ

ಮೊದಲು ಆ 200 ಬಿಲಿಯನ್ ಅಂದರೆ ಏನು ಅಂತ ನೋಡೋಣ. ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ ಠರಾವು ಮಾಡಿದ್ದು 1970ರಲ್ಲಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಬಿಟ್ಟರೆ ವರ್ಷಾನುಗಟ್ಟಲೆ ಆ ಮಾತು ಉಳಿಸಿಕೊಂಡವರು ವಿರಳ. ಬ್ರಿಟನ್ 2013ರಲ್ಲಿ ಗುರಿ ಮುಟ್ಟಿತು, 2015ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿತು, 2021ರಲ್ಲಿ 0.5ಕ್ಕೆ ಇಳಿಯಿತು, 2027ಕ್ಕೆ 0.3 ಎಂದು ಈಗಾಗಲೇ ಹೇಳಿಬಿಟ್ಟಿದೆ. ಎಲ್ಲ ದಾನಿ ದೇಶಗಳ ಸರಾಸರಿ 2023ರಲ್ಲಿ 0.37, 2024ರಲ್ಲಿ 0.33.

ಇನ್ನು ಆ ಮೊತ್ತದೊಳಗೆ ಏನೇನು ಸೇರುತ್ತದೆ ನೋಡಿ. ದಾನಿ ದೇಶಕ್ಕೆ ಬಂದಿಳಿದ ನಿರಾಶ್ರಿತರ ಮೊದಲ 12 ತಿಂಗಳ ಊಟ, ವಸತಿ ಖರ್ಚು ಇದೇ ಲೆಕ್ಕಕ್ಕೆ ಬರುತ್ತದೆ. ಬಡದೇಶದ ವಿದ್ಯಾರ್ಥಿಗಳು ದಾನಿ ದೇಶದ ವಿಶ್ವವಿದ್ಯಾಲಯದಲ್ಲಿ ಓದಿದರೆ ಅದರ ವೆಚ್ಚದ ಒಂದು ಪಾಲೂ ಸೇರುತ್ತದೆ. ಈ ಹಣ ದಾನಿ ದೇಶದ ಗಡಿ ದಾಟುವುದೇ ಇಲ್ಲ. ಸಾಲ ಕೊಟ್ಟರೆ? 2018ರ ಲೆಕ್ಕದಿಂದ ಈಚೆಗೆ ಸಾಲದ ಪೂರ್ತಿ ಮೊತ್ತವಲ್ಲ, ಅದರಲ್ಲಿ ರಿಯಾಯಿತಿ ಎಷ್ಟಿದೆಯೋ ಅಷ್ಟನ್ನು ಮಾತ್ರ ನೆರವು ಎಂದು ಬರೆಯುತ್ತಾರೆ. ಕಳ್ಳಲೆಕ್ಕ ಅಂತ ನಾನು ಹೇಳುತ್ತಿಲ್ಲ, ನಿಯಮವೇ ಹಾಗಿದೆ. ಆದರೆ 200 ಬಿಲಿಯನ್ ಅಂದ ತಕ್ಷಣ ಅಷ್ಟೂ ಹಣ ಬಡವರ ಕೈ ಸೇರಿತು ಅಂದುಕೊಂಡರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಹೋಲಿಕೆಗೆ ಇನ್ನೊಂದು ಸಂಖ್ಯೆ. ದುಡಿಯಲು ಹೊರದೇಶಕ್ಕೆ ಹೋದವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ, ತಮ್ಮ ಮನೆಗಳಿಗೆ, 2023ರಲ್ಲಿ ಕಳಿಸಿದ್ದು ಸುಮಾರು 650 ಬಿಲಿಯನ್ ಡಾಲರ್. ನೆರವಿನ ಹೆಚ್ಚುಕಡಿಮೆ ಮೂರು ಪಟ್ಟು. 200 ಡಾಲರ್ ಕಳಿಸಲು ಸರಾಸರಿ ಶೇ. 6ಕ್ಕಿಂತ ಹೆಚ್ಚು ಶುಲ್ಕ ಹೋಗುತ್ತದೆ. 2030ರೊಳಗೆ ಅದು ಶೇ. 3ಕ್ಕಿಂತ ಕೆಳಗಿಳಿಯಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಆ ಮೂರು ಪರ್ಸೆಂಟ್ ಉಳಿದರೆ ವರ್ಷಕ್ಕೆ ಸುಮಾರು 20 ಬಿಲಿಯನ್ ಆಯಿತು. ಯಾವ ದಾನಿಯ ಮುಂದೆಯೂ ಕೈಚಾಚದೆ.

ಬಂದರುಬದಿ

ಲೆಕ್ಕದಪುಸ್ತಕ ಅವರು ಬಿಟ್ಟ ಕೊಂಡಿ ಒಂದಿದೆ: ಕೊಟ್ಟ ಹಣದಲ್ಲಿ ಎಲ್ಲಿ ಖರೀದಿ ಮಾಡಬೇಕು ಎಂಬ ಷರತ್ತು. "ನಮ್ಮ ಹಣ, ನಮ್ಮ ಕಂಪನಿಯಿಂದಲೇ ಕೊಳ್ಳಿ" ಎಂದು ಕಟ್ಟಿಹಾಕಿದ ನೆರವಿನಲ್ಲಿ ಖರ್ಚು ಶೇ. 15ರಿಂದ 30ರಷ್ಟು ಏರುತ್ತದೆ ಎನ್ನುವುದು ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ಕೊಡುವ ಅಂದಾಜು.

ಆಹಾರ ನೆರವು ಇದಕ್ಕೆ ಪಕ್ಕಾ ಉದಾಹರಣೆ. ಅಮೆರಿಕದ ಕಾರ್ಯಕ್ರಮ 1954ರದ್ದು. ಮೂಲ ಉದ್ದೇಶದಲ್ಲೇ ಎರಡು ಮುಖ: ಹಸಿದವರಿಗೆ ಅನ್ನ, ಅವರ ರೈತರ ಹೆಚ್ಚುವರಿ ಧಾನ್ಯಕ್ಕೆ ದಾರಿ. ಕನಿಷ್ಠ ಅರ್ಧದಷ್ಟು ಸರಕು ಅಮೆರಿಕದ ಧ್ವಜ ಹಾರಿಸುವ ಹಡಗಿನಲ್ಲೇ ಸಾಗಬೇಕು. 2012ರವರೆಗೆ ಇದು ಶೇ. 75 ಇತ್ತು. ಆ ಹಡಗುಗಳ ಬಾಡಿಗೆ ಹೆಚ್ಚು, ಸಂಖ್ಯೆ ಕಡಿಮೆ. ಅಮೆರಿಕದ್ದೇ ಸರ್ಕಾರಿ ಲೆಕ್ಕಪರಿಶೋಧಕರು 2009ರಲ್ಲಿ ಆಫ್ರಿಕಾದ ಹತ್ತು ದೇಶಗಳಿಗೆ ಹೋದ ಸರಕಿನ ಅವಧಿ ತೆಗೆದು ನೋಡಿದರು. ಅಮೆರಿಕದಿಂದ ಹೊರಟ ಧಾನ್ಯಕ್ಕೆ ಸರಾಸರಿ 147 ದಿನ. ನೆರವು ಬೇಕಾದ ದೇಶದೊಳಗೇ ಕೊಂಡರೆ 35 ದಿನ, ಅಕ್ಕಪಕ್ಕದ ದೇಶದಲ್ಲಿ ಕೊಂಡರೆ 41. ಸಹಾರಾ ದಕ್ಷಿಣದ ಆಫ್ರಿಕಾದಲ್ಲಿ ಸ್ಥಳೀಯ ಖರೀದಿಯ ಖರ್ಚು ಶೇ. 34 ಕಡಿಮೆ. ಬರ ಬಿದ್ದಾಗ 147 ದಿನ ಅಂದರೆ ಒಂದು ಬೆಳೆಯ ಕಾಲವೇ ಕಳೆದುಹೋಗುತ್ತದೆ. ಧಾನ್ಯ ಬಂದರಿಗೆ ಮುಟ್ಟುವ ಹೊತ್ತಿಗೆ ಅಲ್ಲಿನ ರೈತ ಹೊಸ ಬೆಳೆ ಕೊಯ್ದು ಮಾರಲು ನಿಂತಿರುತ್ತಾನೆ.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಧಾನ್ಯವನ್ನು ಸ್ವಯಂಸೇವಾ ಸಂಸ್ಥೆಗೆ ಕೊಡುವುದು, ಸಂಸ್ಥೆ ಅದನ್ನು ಬಡದೇಶದ ಪೇಟೆಯಲ್ಲಿ ಮಾರುವುದು, ಬಂದ ದುಡ್ಡಿನಲ್ಲಿ ಯೋಜನೆ ನಡೆಸುವುದು. ಕೊಳ್ಳುವ ಬೆಲೆ, ಹಡಗು ಬಾಡಿಗೆ ಎಲ್ಲ ಸೇರಿದ ಖರ್ಚಿಗಿಂತ ಮಾರಿ ಬಂದದ್ದು ಕಡಿಮೆ. ಮೂರು ವರ್ಷದಲ್ಲಿ 219 ಮಿಲಿಯನ್ ಡಾಲರ್ ಹೀಗೆ ಸೋರಿತೆಂದು 2011ರಲ್ಲಿ ಅದೇ ಲೆಕ್ಕಪರಿಶೋಧಕರು ಬರೆದರು. ಕೇರ್ ಎಂಬ ಸ್ವಯಂಸೇವಾ ಸಂಸ್ಥೆ 2007ರಲ್ಲೇ ಈ ಪದ್ಧತಿಯಿಂದ ಹೊರಬರುವುದಾಗಿ ಹೇಳಿ, ವರ್ಷಕ್ಕೆ ಸುಮಾರು 45 ಮಿಲಿಯನ್ ಡಾಲರ್ ಬಿಟ್ಟುಕೊಟ್ಟಿತು.

ಎಡವಟ್ಟು

ಹಾಗಾದರೆ ಎಲ್ಲವನ್ನೂ ಸ್ಥಳೀಯವಾಗಿ ಕೊಂಡರೆ ಮುಗಿಯಿತಲ್ಲ? ಅಷ್ಟು ಸುಲಭವಾಗಿದ್ದರೆ ಇಷ್ಟು ಹೊತ್ತಿಗೆ ಮಾಡಿರುತ್ತಿದ್ದರು.

ಬಂದರುಬದಿ

ಸುಲಭ ಇಲ್ಲ ಸರ್. ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಪೂರ್ವ ಆಫ್ರಿಕಾದ ಮಾನದಂಡದಲ್ಲಿ ತೇವಾಂಶ ಶೇ. 13.5 ಮೀರಬಾರದು, ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕಿಲೋಗೆ 10 ಮೈಕ್ರೋಗ್ರಾಂ ಮೀರಬಾರದು. ಸಣ್ಣ ರೈತ ಜೋಳವನ್ನು ನೆಲದ ಮೇಲೇ ಹರವಿ ಒಣಗಿಸುತ್ತಾನೆ, ಮಳೆ ಬಂದರೆ ಗುಡ್ಡೆ ಹಾಕಿ ಮುಚ್ಚುತ್ತಾನೆ. ಬೂಷ್ಟು ಹಿಡಿಯುವುದು ಆ ಗುಡ್ಡೆಯಲ್ಲಿ. ಮಾದರಿ ತೆಗೆಯುವುದರಲ್ಲೂ ಎಡವುತ್ತಾರೆ: ವಿಷ ಇಡೀ ಲಾಟಿನಲ್ಲಿ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಂದೆರಡು ಚೀಲಕ್ಕೆ ಮೊಳೆ ಚುಚ್ಚಿ ತೆಗೆದ ಹಿಡಿ ಜೋಳ ಪಾಸಾಗಿ, ಬಂದರಿನಲ್ಲಿ ಅದೇ ಲಾಟು ಫೇಲಾಗುವುದು ಹಾಗೆ. ಹಲವು ಚೀಲಗಳಿಂದ ತೆಗೆದು, ಬೆರೆಸಿ, ನುಣ್ಣಗೆ ಬೀಸಿ, ಆಮೇಲೆ ಪರೀಕ್ಷೆ ಮಾಡಬೇಕು.

ಎರಡನೆಯದು ಹಣ ಕೈಗೆ ಸಿಗುವ ಸಮಯ. ವಿಶ್ವ ಆಹಾರ ಕಾರ್ಯಕ್ರಮ 2008ರಿಂದ 2013ರವರೆಗೆ ಸಣ್ಣ ರೈತರ ಸಂಘಗಳಿಂದ ನೇರ ಖರೀದಿ ಮಾಡಿ ನೋಡಿತು. ಸಂಘ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಜೋಳ ಒಟ್ಟುಗೂಡಿಸಿ, ಪರೀಕ್ಷೆ ಆಗಿ, ಬಿಲ್ಲು ಪಾಸಾಗಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ದಲ್ಲಾಳಿ ಮನೆ ಬಾಗಿಲಿಗೇ ಬಂದು ನಗದು ಎಣಿಸುತ್ತಾನೆ, ಎರಡು ಕಾಸು ಕಡಿಮೆಗೆ. ಮಕ್ಕಳ ಶಾಲೆ ಫೀಜು ಈ ವಾರವೇ ಕಟ್ಟಬೇಕಾದ ರೈತ ಯಾರಿಗೆ ಮಾರುತ್ತಾನೆ? ಒಪ್ಪಂದ ಮುರಿಯಿತೆಂದು ವರದಿಯಲ್ಲಿ ಬರೆದುಕೊಂಡರೆ ಪ್ರಯೋಜನವಿಲ್ಲ. ಗೋದಾಮಿಗೆ ಹಾಕಿದ ದಿನವೇ ಬೆಲೆಯ ಒಂದು ಭಾಗ ಕೈಗೆ ಕೊಡುವ ಏರ್ಪಾಡು ಇದ್ದರೆ ಜೋಳ ಅಲ್ಲೇ ನಿಲ್ಲುತ್ತದೆ.

ಮೂರನೆಯದು, ಬೆಳೆ ಕೈಕೊಟ್ಟ ವರ್ಷ ಸಣ್ಣ ಪೇಟೆಯಲ್ಲಿ ದೊಡ್ಡ ಟೆಂಡರ್ ಕರೆದರೆ ಬೆಲೆ ಜಿಗಿಯುತ್ತದೆ, ಟೆಂಡರಿನ ಧಾನ್ಯ ಸಿಗದ ಬಡವ ಅದೇ ಬೆಲೆಗೆ ಕೊಳ್ಳಬೇಕಾಗುತ್ತದೆ. ಆಗ ಹೊರಗಿನ ಧಾನ್ಯವೇ ಸರಿ.

ನೂಲೆಳೆ

ಅಕ್ಕಿಯ ಮಾತು ಬಂದರೆ ಹೈಟಿಯನ್ನು ಬಿಡುವ ಹಾಗಿಲ್ಲ. 1995ರಲ್ಲಿ ಅಕ್ಕಿ ಮೇಲಿನ ಆಮದು ಸುಂಕ ಶೇ. 3ಕ್ಕೆ ಇಳಿಯಿತು, ಸಹಾಯಧನ ಪಡೆದ ಅಮೆರಿಕದ ಅಕ್ಕಿ ನುಗ್ಗಿತು, ಅಲ್ಲಿನ ಗದ್ದೆಗಳು ಸೋತವು. ಆಗ ಅಮೆರಿಕದ ಅಧ್ಯಕ್ಷರಾಗಿದ್ದು ಈ ನೀತಿಯನ್ನು ಮುಂದೊತ್ತಿದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಸುಂಕ ಇಳಿಸುವುದಕ್ಕೆ ಒಂದು ಸಹಿ ಸಾಕು. ಪಾಳುಬಿದ್ದ ಕಾಲುವೆ, ಮುಚ್ಚಿದ ಅಕ್ಕಿ ಗಿರಣಿ ಮತ್ತೆ ಎಬ್ಬಿಸಲು ಸಹಿ ಸಾಲದು.

ಕೈಪಂಪು

ಧಾನ್ಯ ತಿಂದರೆ ಮುಗಿಯಿತು. ಉಳಿಯಬೇಕಾದ ನೆರವಿನ ಕಥೆ ಬೇರೆ. ಆಫ್ರಿಕಾದ ಹಳ್ಳಿಗಳಿಗೆ ನೀರಿನ ನೆರವೆಂದು ಹೋದದ್ದರಲ್ಲಿ ಬಹುಪಾಲು ಕೊಳವೆಬಾವಿ ಮತ್ತು ಕೈಪಂಪು. ಯಾವ ಹೊತ್ತಿಗೆ ಎಣಿಸಿದರೂ ಮೂರಕ್ಕೊಂದು ಪಂಪು ಕೆಟ್ಟು ನಿಂತಿದೆ ಎನ್ನುವ ಅಂದಾಜು ಬಹಳ ವರ್ಷ ಚಾಲ್ತಿಯಲ್ಲಿತ್ತು. "ಜನರಿಗೆ ಜವಾಬ್ದಾರಿ ಇಲ್ಲ" ಎಂದು ಷರಾ ಬರೆಯುವ ಮೊದಲು ಪಂಪನ್ನು ಬಿಚ್ಚಿ ನೋಡಬೇಕು.

1970ರ ದಶಕದಲ್ಲಿ ಯುನಿಸೆಫ್ ಜೊತೆಗೂಡಿ ರೂಪಿಸಿದ ಇಂಡಿಯಾ ಮಾರ್ಕ್ 2 ಪಂಪು ಗಟ್ಟಿಯಾದದ್ದೇ. ಹಿಡಿಕೆಗೆ ಬಾಲ್ ಬೇರಿಂಗ್, ಅಲ್ಲಿಂದ ಚೈನು, ಚೈನಿಗೆ 12 ಮಿಲಿಮೀಟರಿನ ಕಬ್ಬಿಣದ ರಾಡು, ರಾಡು ಹೋಗುವುದು ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ, ಕೆಳಗೆ ಸಿಲಿಂಡರು. ಸವೆಯುವ ಸಾಮಾನು ಸಿಲಿಂಡರಿನ ವಾಷರು. ಆದರೆ ಸಿಲಿಂಡರು ಪೈಪಿಗಿಂತ ದಪ್ಪ, ಹಾಗಾಗಿ ಪಿಸ್ಟನ್ನು ಪೈಪಿನೊಳಗಿಂದ ಮೇಲೆ ಬರುವುದಿಲ್ಲ. ಒಂದು ವಾಷರು ಬದಲಿಸಲು ಮೂರು ಮೂರು ಮೀಟರಿನ ಪೈಪುಗಳನ್ನು ಒಂದೊಂದಾಗಿ ಎತ್ತಿ, ಕ್ಲ್ಯಾಂಪಿನಲ್ಲಿ ಕಚ್ಚಿಸಿ, ಬಿಚ್ಚಬೇಕು. 30 ಮೀಟರಿನ ಪಂಪಿನಲ್ಲಿ ಪೈಪು, ರಾಡು, ನೀರು ಸೇರಿ ನೂರು ಕಿಲೋ ದಾಟುತ್ತದೆ. ಕೈ ಜಾರಿದರೆ ಪೈಪಿನ ಸಾಲೇ ಬಾವಿಯೊಳಗೆ. ಅದಕ್ಕೇ ಸಲಕರಣೆ, ಗಾಡಿ, ತರಬೇತಾದ ತಂಡ ಬೇಕು. ತಂಡ ಯೋಜನೆಯ ಜೊತೆ ಬಂದಿತ್ತು, ಯೋಜನೆಯ ಜೊತೆ ಹೋಯಿತು.

ಇದನ್ನು ನೋಡಿಯೇ ಆಫ್ರಿಡೆವ್ ಪಂಪನ್ನು ಮಾಡಿದ್ದು. 63 ಮಿಲಿಮೀಟರಿನ ಪಿವಿಸಿ ಪೈಪು, 50 ಮಿಲಿಮೀಟರಿನ ಸಿಲಿಂಡರು. ರಾಡುಗಳು ಕೊಕ್ಕೆಯಿಂದ ಕೂಡುತ್ತವೆ. ಒಂದೇ ಸ್ಪ್ಯಾನರಿನಲ್ಲಿ ತಲೆ ಬಿಚ್ಚಿ, ಪೈಪನ್ನು ಮುಟ್ಟದೆ, ಪಿಸ್ಟನ್ನು ಮತ್ತು ತಳದ ವಾಲ್ವು ಎರಡನ್ನೂ ಮೇಲೆ ತೆಗೆಯಬಹುದು. ಪಿಸ್ಟನ್ನಿನ ಸುತ್ತ ನೀರು ಸೋರದಂತೆ ತಡೆಯುವ ಯು-ಸೀಲನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಆದರೆ 45 ಮೀಟರಿಗಿಂತ ಆಳಕ್ಕೆ ಇದು ಆಗದು.

ನೀರಿನ ಗುಣವೂ ನೋಡಬೇಕು. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಜಿಐ ಪೈಪಿನ ಸತುವಿನ ಲೇಪ ನಿಲ್ಲುವುದಿಲ್ಲ. ನೀರು ಕೆಂಪಾಗುತ್ತದೆ, ಬಟ್ಟೆಗೆ ಕಲೆ ಹತ್ತುತ್ತದೆ, ಜನ ಹಳೆಯ ಹೊಂಡಕ್ಕೆ ವಾಪಸ್ ಹೋಗುತ್ತಾರೆ. "ನೆಲದಲ್ಲೇ ಕಬ್ಬಿಣ ಜಾಸ್ತಿ" ಎಂದು ಕಡತ ಮುಚ್ಚುತ್ತಾರೆ. ಪತ್ತೆಗೆ ದಾರಿ ಇದೆ: ರಾತ್ರಿಯಿಡೀ ನಿಂತ ಪಂಪಿನಿಂದ ಬೆಳಿಗ್ಗೆ ಮೊದಲ ನೀರು ಹಿಡಿಯಿರಿ, ಒಂದೆರಡು ತಾಸು ಹೊಡೆದ ಮೇಲೆ ಇನ್ನೊಮ್ಮೆ ಹಿಡಿಯಿರಿ. ಮೊದಲನೆಯದರಲ್ಲಿ ಕಬ್ಬಿಣ ಬಹಳ ಹೆಚ್ಚಿದ್ದು ಎರಡನೆಯದರಲ್ಲಿ ಇಳಿದಿದ್ದರೆ ತಪ್ಪು ನೆಲದ್ದಲ್ಲ, ಪೈಪಿನದು.

ಅರಳೀಕಟ್ಟೆ

ಕೈಪಂಪು ಅವರೇ, ಬಿಡಿಭಾಗ ಇಟ್ಟುಕೊಂಡು ಮಾರುವ ಅಂಗಡಿ ತಾನಾಗಿ ಯಾಕೆ ಹುಟ್ಟಲಿಲ್ಲ? ಸೈಕಲ್ಲಿನ ಟ್ಯೂಬು ಎಲ್ಲ ಹಳ್ಳಿಯಲ್ಲೂ ಸಿಗುತ್ತದಲ್ಲ.

ಕೈಪಂಪು

ಸೈಕಲ್ಲು ಮನೆಗೊಂದು, ಪಂಪು ಊರಿಗೊಂದು. ಒಂದು ಪಂಪಿಗೆ ವರ್ಷಕ್ಕೆ ಬೇಕಾಗುವುದು ಎರಡು ಸೀಲು, ಒಂದು ಜೊತೆ ಬುಷ್ಷು. ಅಂಗಡಿಯವನಿಗೆ ಸುತ್ತಲಿನ ಐವತ್ತು ಪಂಪುಗಳ ವ್ಯಾಪಾರ ಸಿಕ್ಕರೂ ಬಾಡಿಗೆ ಹುಟ್ಟುವುದಿಲ್ಲ. ಅದರಲ್ಲೂ ಒಬ್ಬ ದಾನಿ ಒಂದು ಮಾದರಿ ಪಂಪು ತಂದ, ಪಕ್ಕದ ಜಿಲ್ಲೆಗೆ ಇನ್ನೊಬ್ಬ ಇನ್ನೊಂದು ಮಾದರಿ ತಂದ ಅಂದರೆ ಅರ್ಧ ಗಿರಾಕಿ ಅಲ್ಲೇ ಹೋಯಿತು. ಕೊನೆಗೆ ಯಾರೋ ಬಂದು ಬಿಡಿಭಾಗದ ಪೆಟ್ಟಿಗೆ ಉಚಿತವಾಗಿ ಹಂಚುತ್ತಾರೆ. ಅಲ್ಲಿಗೆ ಅಂಗಡಿ ಬಾಗಿಲು ಹಾಕಿತು.

ಇಂಥದ್ದಕ್ಕೆ ಶಿಖರ ಬೇಕಾದರೆ ಪ್ಲೇಪಂಪ್ ಇದೆ. ಮಕ್ಕಳು ಆಡುವ ತಿರುಗಣೆಯಿಂದ ನೀರೆತ್ತುವ ಯಂತ್ರ. 2006ರಲ್ಲಿ ಅಮೆರಿಕ ಸರ್ಕಾರ ಮತ್ತು ದಾನಿಗಳಿಂದ 16.4 ಮಿಲಿಯನ್ ಡಾಲರಿನ ಘೋಷಣೆ. ಒಂದು ಯಂತ್ರ 2,500 ಜನರಿಗೆ ನೀರು ಕೊಡುತ್ತದೆ ಎಂಬ ಭರವಸೆ ಈಡೇರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕೆಂದು ಪತ್ರಿಕೆಯೊಂದು ಲೆಕ್ಕ ಹಾಕಿತು! ಮಕ್ಕಳು ಶಾಲೆಗೆ ಹೋದಾಗ ತಿರುಗಿಸುತ್ತಿದ್ದದ್ದು ಹೆಂಗಸರು, ಬೆನ್ನು ಬಗ್ಗಿಸಿಕೊಂಡು.

ಸುಂಕದವ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಅಂತಾರೆ. ಆದರೂ ವ್ಯಾಪಾರದ ಬಾಗಿಲಿನ ಕಡೆ ಬರೋಣ.

ಅತಿ ಹಿಂದುಳಿದ ದೇಶಗಳ ಸರಕಿಗೆ, ಶಸ್ತ್ರಾಸ್ತ್ರ ಬಿಟ್ಟು, ಸುಂಕವಿಲ್ಲ ಎಂದು ಯುರೋಪಿಯನ್ ಒಕ್ಕೂಟ 2001ರಲ್ಲಿ ಸಾರಿತು. ಬಾಗಿಲು ತೆರೆದಂತೆಯೇ. ಆದರೆ ಹೊಸ್ತಿಲಲ್ಲಿ ಇನ್ನೊಂದು ನಿಯಮ ಕೂತಿತ್ತು: ಸರಕು ನಿಜಕ್ಕೂ ಆ ದೇಶದ್ದೇನಾ? ಸಿದ್ಧ ಉಡುಪಿಗೆ ಎರಡು ಹಂತ ಆ ದೇಶದಲ್ಲೇ ಆಗಿರಬೇಕಿತ್ತು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಅಂಗಿ. ಬಾಂಗ್ಲಾದೇಶದಲ್ಲಿ ಟಿ-ಶರ್ಟಿನ ಹೆಣಿಗೆ ಬಟ್ಟೆ ತಯಾರಾಗುತ್ತಿತ್ತು, ಹಾಗಾಗಿ ಟಿ-ಶರ್ಟು ಪಾಸು. ನೇಯ್ದ ಬಟ್ಟೆಯ ಅಂಗಿ, ಪ್ಯಾಂಟಿಗೆ ಬಟ್ಟೆ ಬಹುಪಾಲು ಹೊರಗಿನಿಂದ, ಹಾಗಾಗಿ ಅಂಗಿಗೆ ಶೇ. 12 ಸುಂಕ. 2011ರ ಜನವರಿ 1ರಿಂದ ಒಂದೇ ಹಂತ ಸಾಕು, ಹೊಲಿದರೆ ಸಾಕು ಎಂದು ಬದಲಿಸಿದರು. ನೇಯ್ದ ಉಡುಪಿನ ರಫ್ತು ಮೇಲೇರಿತು. ಸುಂಕದ ದರ ಒಂದು ಚೂರೂ ಬದಲಾಗಿರಲಿಲ್ಲ ಗಮನಿಸಿ, ಬದಲಾದದ್ದು ವ್ಯಾಖ್ಯೆ ಮಾತ್ರ. ಬಾಂಗ್ಲಾದೇಶ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲು ನಿಗದಿಯಾದ ದಿನ 2026ರ ನವೆಂಬರ್ 24. ಯುರೋಪಿನ ರಿಯಾಯಿತಿ ಅದಾಗಿ ಮೂರು ವರ್ಷ ಉಳಿಯುತ್ತದೆ. ಆಮೇಲೆ ಹಳೆಯ ಎರಡು ಹಂತದ ಪ್ರಶ್ನೆ ಮತ್ತೆ ಎದುರಾಗುತ್ತದೆ, ಅದಕ್ಕೇ ಅಲ್ಲಿ ನೂಲು, ನೇಯ್ಗೆಯ ಗಿರಣಿಗಳ ಮಾತು ಈಗಲೇ ಜೋರು.

ಅಮೆರಿಕದ್ದು ಆಗೋವಾ ಕಾಯ್ದೆ, 2000ದ್ದು, ಆಫ್ರಿಕಾ ದೇಶಗಳ ಸರಕಿಗೆ ಸುಂಕ ಬಿಡುವಂಥದ್ದು. ಅಮೆರಿಕದಲ್ಲಿ ಹತ್ತಿ ಟಿ-ಶರ್ಟಿಗೆ ಸಾಮಾನ್ಯ ಸುಂಕ ಶೇ. 16.5, ಕೃತಕ ನೂಲಿನದ್ದಕ್ಕೆ 32. ಆ ಸುಂಕ ಮಾಫಿ ಆದದ್ದರಿಂದಲೇ ಲೆಸೊತೊದಂಥ ಪುಟ್ಟ ದೇಶದಲ್ಲಿ ಉಡುಪು ಕಾರ್ಖಾನೆ ಎದ್ದವು. ಆದರೆ ಈ ಮಾಫಿ ಹಕ್ಕಲ್ಲ, ಕೃಪೆ. 2009ರಲ್ಲಿ ಮಡಗಾಸ್ಕರಿನಲ್ಲಿ ದಂಗೆಯಾಗಿ ಸರ್ಕಾರ ಬಿತ್ತು, 2010ರ ಆರಂಭಕ್ಕೆ ಸವಲತ್ತು ಹೋಯಿತು. ದಂಗೆ ಮಾಡಿದವರು ಯಾರೋ, ಕೆಲಸ ಕಳೆದುಕೊಂಡವರು ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸರು. ರುವಾಂಡಾ ಹಳೆ ಬಟ್ಟೆಯ ಆಮದು ತಡೆಯಲು ಕಿಲೋಗೆ 20 ಸೆಂಟ್ ಇದ್ದ ಸುಂಕವನ್ನು 2.50 ಡಾಲರಿಗೆ ಏರಿಸಿತು. ಅಮೆರಿಕದ ಹಳೆಬಟ್ಟೆ ವ್ಯಾಪಾರಿಗಳ ದೂರಿನ ಮೇಲೆ 2018ರಲ್ಲಿ ಅದರ ಉಡುಪಿನ ಸವಲತ್ತು ಅಮಾನತಾಯಿತು. ಜೊತೆಗೆ ಹೊರಟಿದ್ದ ಕೀನ್ಯಾ, ಟಾಂಜಾನಿಯಾ, ಉಗಾಂಡ ಹಿಂದೆ ಸರಿದವು.

ಖರೀದಿದಾರ ಆರರಿಂದ ಒಂಬತ್ತು ತಿಂಗಳು ಮುಂಚೆ ಆರ್ಡರ್ ಕೊಡುತ್ತಾನೆ. ಸವಲತ್ತಿನ ಅವಧಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿತ್ತು ಎಂದರೆ, ಕಾರ್ಖಾನೆಗೆ ಪೆಟ್ಟು ಬೀಳುವುದು ಆ ದಿನವಲ್ಲ, ಅದೇ ವರ್ಷದ ಶುರುವಿನಲ್ಲಿ.

ಎಡವಟ್ಟು

ಕಚ್ಚಾ ಮಾಲು ಮಾರಿ ಯಾವ ದೇಶವೂ ಉದ್ಧಾರವಾಗಿಲ್ಲ. ಕಚ್ಚಾ ರಫ್ತು ನಿಲ್ಲಿಸಿ, ಸಂಸ್ಕರಣೆ ತಮ್ಮಲ್ಲೇ ಮಾಡಿಕೊಳ್ಳಲಿ. ಇದಕ್ಕೂ ಏನಾದರೂ ತಕರಾರಿದೆಯಾ?

ನೂಲೆಳೆ

ತಕರಾರಿದೆ ಸ್ವಾಮಿ, ಗೋಡಂಬಿಯಷ್ಟು. ಮೊಜಾಂಬಿಕ್ ಒಂದು ಕಾಲಕ್ಕೆ ಗೋಡಂಬಿಯಲ್ಲಿ ಮುಂಚೂಣಿಯ ದೇಶ. ಕಾರ್ಖಾನೆಗಳನ್ನು ಕಾಯಲು ಹಸಿ ಬೀಜದ ರಫ್ತಿನ ಮೇಲೆ ತೆರಿಗೆ ಇತ್ತು. 1990ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕ್ ಸಾಲದ ಜೊತೆ ಷರತ್ತು ಹಾಕಿತು: ತೆರಿಗೆ ಇಳಿಸಿ, ಆಗ ಹಸಿ ಬೀಜಕ್ಕೆ ಹೊರಗಿನ ಬೆಲೆ ಸಿಕ್ಕಿ ರೈತ ಬದುಕುತ್ತಾನೆ. ಪುಸ್ತಕದ ಪ್ರಕಾರ ಸರಿ. ಆದದ್ದೇನು? ಹಸಿ ಬೀಜ ಹಡಗೇರಿ ಭಾರತಕ್ಕೆ ಬಂತು, ಮೊಜಾಂಬಿಕ್‌ನ ದೊಡ್ಡ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನರ ಕೆಲಸ ಹೋಯಿತು. ಬೆಳೆಗಾರರಿಗೆ ಸಿಕ್ಕ ಲಾಭವನ್ನು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದರು, ಕುಟುಂಬಕ್ಕೆ ವರ್ಷಕ್ಕೆ ಸರಾಸರಿ 5.30 ಡಾಲರ್. ಏರಿದ ಬೆಲೆಯಲ್ಲಿ ದೊಡ್ಡ ಪಾಲು ನಡುವಿನ ವ್ಯಾಪಾರಿಗಳ ಕಿಸೆಗೆ.

ಇಲ್ಲಿಗೆ ನಿಲ್ಲಿಸಿದರೆ ವಿಶ್ವಬ್ಯಾಂಕೇ ಖಳನಾಯಕ. ಆದರೆ ಆ ಕಾರ್ಖಾನೆಗಳ ಒಳಗೂ ಹೊಕ್ಕು ನೋಡಬೇಕು. ದೊಡ್ಡ ಯಂತ್ರಗಳು ಬೀಜವನ್ನು ಅಪ್ಪಳಿಸಿ ಒಡೆಯುತ್ತಿದ್ದವು. ಗೋಡಂಬಿಯಲ್ಲಿ ದುಡ್ಡಿರುವುದು ಇಡಿ ಬೇಳೆಯಲ್ಲಿ. ಚೂರಾದರೆ ಬೆಲೆ ಬಿತ್ತು. ನಾಲ್ಕೈದು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಬೇಳೆ, ಅದರಲ್ಲೂ ಚೂರು ಜಾಸ್ತಿಯಾದರೆ ಹಸಿ ಬೀಜದ ಬೆಲೆಯೂ ಹುಟ್ಟುವುದಿಲ್ಲ. 2000ದ ಈಚೆಗೆ ನಂಪುಲಾ ಪ್ರಾಂತ್ಯದಲ್ಲಿ ಉದ್ಯಮ ಮತ್ತೆ ಚಿಗುರಿದ್ದು ಸಣ್ಣ ಘಟಕಗಳಿಂದ: ಬೀಜವನ್ನು ಹಬೆಯಲ್ಲಿ ಬೇಯಿಸಿ, ಕಾಲಿನಿಂದ ಒತ್ತುವ ಕತ್ತರಿ ಯಂತ್ರದಲ್ಲಿ ಒಂದೊಂದಾಗಿ ಸೀಳಿ, ಕೈಯಿಂದ ಸಿಪ್ಪೆ ತೆಗೆಯುವ ಕೆಲಸ. ಹಸಿ ಬೀಜದ ಮೇಲೆ ರಫ್ತು ತೆರಿಗೆ ಮತ್ತೆ ಏರಿತ್ತು, ನಿಜ. ತೆರಿಗೆಯ ಜೊತೆ ಯಂತ್ರವೂ ಬದಲಾದದ್ದರಿಂದ ಉಳಿಯಿತು. ಬೆನಿನ್ 2024ರ ಏಪ್ರಿಲ್ 1ರಿಂದ ಹಸಿ ಗೋಡಂಬಿ ರಫ್ತನ್ನೇ ನಿಷೇಧಿಸಿದೆ. ಅಲ್ಲಿ ನೋಡಬೇಕಾದ್ದು ಒಂದೇ: ಕಾರ್ಖಾನೆಗಳು ಪೂರ್ತಿ ಬೆಳೆಯನ್ನು ಕೊಳ್ಳುವಷ್ಟು ದುಡಿಮೆ ಬಂಡವಾಳ ಹೊಂದಿವೆಯೇ? ಬೆಳೆ ಬರುವುದು ಮೂರ್ನಾಲ್ಕು ತಿಂಗಳು, ಕಾರ್ಖಾನೆ ಓಡುವುದು ವರ್ಷವಿಡೀ. ಸುಗ್ಗಿಯಲ್ಲೇ ಇಡೀ ವರ್ಷದ ಬೀಜ ಕೊಳ್ಳಲು ಬ್ಯಾಂಕು ಸಾಲ ಕೊಡದಿದ್ದರೆ ರೈತನ ಬೀಜ ಅಗ್ಗವಾಗುತ್ತದೆ, ಇಲ್ಲವೇ ರಾತ್ರಿ ಗಡಿ ದಾಟುತ್ತದೆ.

ಹತ್ತಿಯದ್ದೂ ಒಂದು ಮಾತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ನಾಲ್ಕೂ ಸೇರಿ 2003ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಶ್ರೀಮಂತ ದೇಶಗಳ ಹತ್ತಿ ಸಹಾಯಧನದ ವಿರುದ್ಧ ದನಿ ಎತ್ತಿದವು. ಬ್ರೆಜಿಲ್ 2002ರಲ್ಲೇ ಅಮೆರಿಕದ ಮೇಲೆ ದಾವೆ ಹೂಡಿ ಗೆದ್ದಿತು. ಗೆದ್ದ ಮೇಲೆ ಅಮೆರಿಕ ಸಹಾಯಧನ ನಿಲ್ಲಿಸಿತಾ? 2010ರಲ್ಲಿ ವರ್ಷಕ್ಕೆ 147.3 ಮಿಲಿಯನ್ ಡಾಲರನ್ನು ಬ್ರೆಜಿಲ್‌ಗೆ ಕೊಡಲು ಒಪ್ಪಿತು, 2014ರಲ್ಲಿ 300 ಮಿಲಿಯನ್ ಕೊಟ್ಟು ವ್ಯಾಜ್ಯ ಮುಗಿಸಿತು. ಬ್ರೆಜಿಲ್ ಕೈಯಲ್ಲಿ ಅಮೆರಿಕದ ಸರಕಿಗೆ ಸುಂಕ ಏರಿಸುವ, ಪೇಟೆಂಟ್ ರಕ್ಷಣೆ ಹಿಂತೆಗೆಯುವ ಬೆತ್ತ ಇತ್ತು. ಮಾಲಿ ಸುಂಕ ಏರಿಸಿದರೆ ಅಮೆರಿಕದಲ್ಲಿ ಯಾರು ಬೆಚ್ಚುತ್ತಾರೆ? ಆ ನಾಲ್ಕು ದೇಶಗಳಿಗೆ ಈ ರಾಜಿಯಲ್ಲಿ ಬಿಡಿಗಾಸೂ ಸಿಗಲಿಲ್ಲ.

ಬಂದರುಬದಿ

ನೆರವು, ವ್ಯಾಪಾರ ಎರಡೂ ಒಂದೇ ಪೊಟ್ಟಣದಲ್ಲಿ ಸಿಕ್ಕಿಕೊಂಡ ಉದಾಹರಣೆ ಕೊಡುತ್ತೇನೆ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಚಿಕಿತ್ಸಾ ಪೇಸ್ಟ್. 92 ಗ್ರಾಂ ಪೊಟ್ಟಣ, 500 ಕ್ಯಾಲರಿ. ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜ. ನೀರು ಬೆರೆಸಬೇಕಿಲ್ಲ, ಅದೇ ಇದರ ಜಾಣ್ಮೆ: ನೀರಿನ ಅಂಶವಿಲ್ಲದ್ದರಿಂದ ಕೆಡುವುದಿಲ್ಲ, ಕೊಳಕು ನೀರು ಮಗುವಿನ ಹೊಟ್ಟೆ ಸೇರುವುದಿಲ್ಲ. 6ರಿಂದ 59 ತಿಂಗಳ ಮಗುವಿನ ಎಡ ತೋಳಿನ ನಡುಭಾಗಕ್ಕೆ ಪಟ್ಟಿ ಸುತ್ತುತ್ತಾರೆ; ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪಟ್ಟಿಯ ಕೆಂಪು ಭಾಗ, ಚಿಕಿತ್ಸೆ ಶುರು. 150 ಪೊಟ್ಟಣದ ಒಂದು ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮಗುವಿಗೆ, ಆರೆಂಟು ವಾರಕ್ಕೆ.

ನೈಜರ್, ಇಥಿಯೋಪಿಯಾ, ಮಲಾವಿಯಂಥ ಕಡೆ ಇದನ್ನು ಅಲ್ಲೇ ತಯಾರಿಸುತ್ತಾರೆ. ಕಡಲೆಕಾಯಿ ಬೆಳೆಯುವ ನಾಡಿನಲ್ಲಿ ಅಗ್ಗವಾಗಬೇಕಿತ್ತು, ಆದರೆ ಎಷ್ಟೋ ಸಲ ಆಮದಿನದಕ್ಕಿಂತ ದುಬಾರಿ. ಹಾಲಿನ ಪುಡಿ ಹೊರಗಿನಿಂದ ತರಬೇಕು, ಅದಕ್ಕೆ ಸುಂಕ, ತೆರಿಗೆ ಬೀಳುತ್ತದೆ. ಯುರೋಪಿನಲ್ಲಿ ತಯಾರಾದ ಪೊಟ್ಟಣ ನೆರವೆಂದು ಬಂದರೆ ಸುಂಕವಿಲ್ಲ. ತನ್ನ ಕಾರ್ಖಾನೆಗೆ ತನ್ನ ಸರ್ಕಾರವೇ ಹೊರೆ ಹೇರಿದಂತೆ! ಜೊತೆಗೆ ಅಫ್ಲಾಟಾಕ್ಸಿನ್: ಸ್ಥಳೀಯ ಕಡಲೆಕಾಯಿಯ ಲಾಟುಗಳು ಫೇಲಾದರೆ ಕಡಲೆಕಾಯಿಯನ್ನೂ ಆಮದು ಮಾಡಬೇಕು. ಅಂದರೆ ಮೇಲೆ ಹೇಳಿದ ಜೋಳದಂತೆ ಇಲ್ಲೂ ಒಣಗಿಸುವ ಕಣ, ಟಾರ್ಪಾಲು ಇವುಗಳಿಗೆ ಖರ್ಚು ಮಾಡಿದರೆ ಪೊಟ್ಟಣದ ಬೆಲೆಯೂ ಇಳಿದೀತು.

ಲೆಕ್ಕದಪುಸ್ತಕ

ಸಾಲದ ಬಗ್ಗೆ ಯಾರೂ ಮಾತೆತ್ತಲಿಲ್ಲ, ಚುಟುಕಾಗಿ ಹೇಳಿಬಿಡುತ್ತೇನೆ. ಜಾಂಬಿಯಾ 2020ರ ನವೆಂಬರಿನಲ್ಲಿ ಕಂತು ತಪ್ಪಿಸಿತು. ಅದೇ ತಿಂಗಳು ದೊಡ್ಡ ಆರ್ಥಿಕತೆಗಳ ಕೂಟವಾದ ಜಿ20, ಇಂಥ ಸಾಲವನ್ನು ಮರುಹೊಂದಿಸಲು ಒಂದು ಚೌಕಟ್ಟು ಹೊರಡಿಸಿತು. ಸರ್ಕಾರಿ ಸಾಲಿಗರ ಜೊತೆ ಒಪ್ಪಂದ ಕುದುರಿದ್ದು 2023ರ ಜೂನಿನಲ್ಲಿ, ಬಾಂಡು ಹಿಡಿದವರ ಜೊತೆ 2024ರಲ್ಲಿ. ಸಾಲಿಗರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತ ಮೂರೂವರೆ ವರ್ಷ ಹೊಸ ಬಂಡವಾಳ ಹತ್ತಿರ ಸುಳಿಯುವುದಿಲ್ಲ. ನೆರವಿನ ಘೋಷಣೆಗಿಂತ ಈ ವಿಳಂಬ ತುಂಡರಿಸುವುದು ದೊಡ್ಡ ಉಪಕಾರ ಎನ್ನುವುದು ನನ್ನ ಅಭಿಪ್ರಾಯ.

ಎಡವಟ್ಟು

ಸರಿ, ಎಲ್ಲದರಲ್ಲೂ ಹುಳುಕು ಕಂಡಾಯಿತು. ಕೆಲಸ ಮಾಡಿದ್ದು ಒಂದಾದರೂ ಇದೆಯಾ?

ನೂಲೆಳೆ

ಇದೆ, ಅಳೆದು ನೋಡಿದ್ದೇ ಇದೆ. ಕೀನ್ಯಾದ ಬಸುರಿಯರ ಚಿಕಿತ್ಸಾಲಯಗಳಲ್ಲಿ ಸೊಳ್ಳೆಪರದೆಯನ್ನು ಕೆಲವು ಕಡೆ ಉಚಿತ, ಕೆಲವು ಕಡೆ ಸಣ್ಣ ಬೆಲೆಗೆ ಕೊಟ್ಟು ನೋಡಿದರು. "ಪುಕ್ಕಟೆ ಕೊಟ್ಟರೆ ಬಳಸುವುದಿಲ್ಲ" ಎಂಬ ನಂಬಿಕೆಯ ಪರೀಕ್ಷೆ. ಬೆಲೆ ಸೊನ್ನೆಯಿಂದ 60 ಸೆಂಟಿಗೆ ಏರಿದಾಗ ಕೊಳ್ಳುವವರ ಪ್ರಮಾಣ 60 ಶೇಕಡಾ ಅಂಶ ಕುಸಿಯಿತು. ದುಡ್ಡು ಕೊಟ್ಟವರು ಉಚಿತವಾಗಿ ಪಡೆದವರಿಗಿಂತ ಹೆಚ್ಚು ಬಳಸಲೂ ಇಲ್ಲ.

ಅದೇ ಕೀನ್ಯಾದಲ್ಲಿ 653 ಹಳ್ಳಿಗಳ ಅಧ್ಯಯನ: ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್, ಮೊಬೈಲ್ ಹಣದ ಮೂಲಕ, ಷರತ್ತಿಲ್ಲದೆ. ಹಣ ಪಡೆಯದ ನೆರೆಮನೆಗಳ ಖರ್ಚು, ವರಮಾನವೂ ಏರಿತು, ಬೆಲೆ ಏರಿಕೆ ನಗಣ್ಯ.

ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್ 2002ರಲ್ಲಿ ಶುರುಮಾಡಿದ ಕಡುಬಡವರ ಕಾರ್ಯಕ್ರಮವನ್ನು ಆರು ದೇಶಗಳಲ್ಲಿ ಪ್ರಯತ್ನಿಸಿದ ಫಲಿತಾಂಶ 2015ರಲ್ಲಿ ಬಂತು. ಹಸು, ಆಡು, ಕೋಳಿಯಂಥ ಆಸ್ತಿ, ಕೆಲವು ತಿಂಗಳ ಊಟದ ಹಣ, ತರಬೇತಿ, ವಾರಕ್ಕೊಮ್ಮೆ ಮನೆ ಭೇಟಿ, ಉಳಿತಾಯ. ಎಲ್ಲ ಸೇರಿ ಎರಡು ವರ್ಷ. ಐದು ಕಡೆ ಒಳ್ಳೆಯ ಫಲ. ಹೊಂಡುರಾಸಿನಲ್ಲಿ ಕೈಕೊಟ್ಟಿತು, ಕೊಟ್ಟ ಕೋಳಿಗಳು ರೋಗ ಬಂದು ಸತ್ತವು.

ಅರಳೀಕಟ್ಟೆ

ಕೊನೆಗೊಂದು ಪ್ರಶ್ನೆ ಕೈಪಂಪು ಅವರಿಗೆ. ಪರದೆಗೆ ಪುಕ್ಕಟೆ ಸರಿ ಅಂದಾಯಿತು. ಪಂಪಿನ ರಿಪೇರಿಗೆ? ಜನರಿಂದ ಹಣ ಎತ್ತಬೇಕೇ ಬೇಡವೇ?

ಕೈಪಂಪು

ಎತ್ತಬೇಕು, ಆದರೆ ಕೆಟ್ಟ ಮೇಲೆ ಅಲ್ಲ. ಪಂಪು ನಿಂತ ದಿನ ಮನೆಮನೆ ತಿರುಗಿ ಚಂದಾ ಎತ್ತಿದರೆ ಮಳೆಗಾಲದಲ್ಲಿ ಯಾರೂ ಕೊಡುವುದಿಲ್ಲ, ಹೊಂಡದಲ್ಲಿ ನೀರಿರುತ್ತದೆ. ಸಮಿತಿಯ ಡಬ್ಬಿಯಲ್ಲಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟರೆ ಅದು ಯಾರದೋ ಮನೆಯ ತುರ್ತಿಗೆ ಸಾಲವಾಗಿ ಹೋಗಿರುತ್ತದೆ. ಕೀನ್ಯಾದ ಕ್ಯೂಸೊ ಪ್ರದೇಶದಲ್ಲಿ ಬೇರೆ ದಾರಿ ಹಿಡಿದರು. ಹಿಡಿಕೆಯೊಳಗೆ ಸಣ್ಣ ಸಂವೇದಕ, ಅದು ಪಂಪು ಎಷ್ಟು ಹೊಡೆಯಲಾಗಿದೆ ಎಂದು ಮೊಬೈಲ್ ಸಂದೇಶ ಕಳಿಸುತ್ತದೆ. ಸಂದೇಶ ನಿಂತರೆ ಮೆಕ್ಯಾನಿಕ್ ಬೈಕ್ ಹತ್ತುತ್ತಾನೆ. ಊರವರು ಒಂದೊಂದು ರಿಪೇರಿಗಲ್ಲ, ತಿಂಗಳ ಸೇವೆಗೆ ಹಣ ಕೊಡುತ್ತಾರೆ. ಕೆಟ್ಟು ನಿಲ್ಲುವ ಅವಧಿ ಸರಾಸರಿ 27 ದಿನದಿಂದ ಮೂರು ದಿನದೊಳಕ್ಕೆ ಇಳಿಯಿತು. ಹತ್ತಾರು ಊರಿನ ಪಂಪು ಒಬ್ಬನ ಕೈಗೆ ಬಂದದ್ದರಿಂದ ಬಿಡಿಭಾಗ ದಾಸ್ತಾನಿಡುವುದೂ ಗಿಟ್ಟುವಂತಾಯಿತು.

ಇಷ್ಟಾದರೂ ಊರವರ ತಿಂಗಳ ಹಣದಲ್ಲಿ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಮಿಕ್ಕದ್ದು ಹೊರಗಿನಿಂದ ಬರಲೇಬೇಕು. ಆ ಹಣವನ್ನು ಹೊಸ ಪಂಪು ಹಾಕಿದ್ದಕ್ಕಲ್ಲ, ಹಳೆ ಪಂಪು ಎಷ್ಟು ದಿನ ನಿಲ್ಲದೆ ನೀರು ಕೊಟ್ಟಿತು ಎಂದು ಎಣಿಸಿ ಕೊಡಬೇಕು. ದಾನಿಗಳಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ. ಹೊಸ ಪಂಪಿಗಾದರೆ ಟೇಪು ಕತ್ತರಿಸಬಹುದು, ಯು-ಸೀಲು ಬದಲಿಸಿದ್ದಕ್ಕೆ ಫಲಕ ಎಲ್ಲಿ ಹಾಕುವುದು?